ಕತ್ತಲ ಸಿನಿಮಾಕ್ಕೆ ಬಣ್ಣದ ಪೋಸ್ಟರ್

ತೆರೆಯ ಮೇಲೆ ಎರಡು ಪೋಸ್ಟರ್ ಇವೆ, ನೋಡಿ. ಎಡಗಡೆಯದು ವಿದ್ಯಾರ್ಥಿಯೊಬ್ಬರು ಮಾಡಿದ್ದು. ಫಿಲ್ಮ್ ನ್ವಾರ್, ಅಂದರೆ 40, 50ರ ದಶಕದ ಅಮೆರಿಕದ ಕತ್ತಲು ಕವಿದ ಅಪರಾಧ ಚಿತ್ರಗಳ ಶೈಲಿಯಲ್ಲಿ ಏನಾದರೂ ಮಾಡಿ ಅಂದಿದ್ದೆ. ಪೂರ್ತಿ ಕಪ್ಪು ಹಿನ್ನೆಲೆ. ಹ್ಯಾಟ್ ಹಾಕಿದ ಗಂಡಸಿನ ನೆರಳು. ಕಿಟಕಿ ಪರದೆಯ ಪಟ್ಟಿಗಳ ಸಂದಿಯಿಂದ ಬಿದ್ದ ಬೆಳಕಿನ ಗೆರೆಗಳು. ಮೂಲೆಯಲ್ಲಿ ಒಂದು ಜೊತೆ ಕೆಂಪು ತುಟಿ. ನೋಡಿದ ತಕ್ಷಣ ಇದು ನ್ವಾರ್ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ?

ಬಲಗಡೆ ಇರುವುದು 1944ರ 'ಡಬಲ್ ಇಂಡೆಮ್ನಿಟಿ' ಚಿತ್ರದ ಪೋಸ್ಟರ್. ನ್ವಾರ್ ಎಂದರೆ ಮೊದಲು ನೆನಪಾಗುವ ಚಿತ್ರಗಳಲ್ಲಿ ಇದೂ ಒಂದು. ಕಿಟಕಿ ಪರದೆಯ ಗೆರೆ ಎಲ್ಲಿದೆ? ಇಲ್ಲ. ಗೋಡೆಯ ಮೇಲಿನ ನೆರಳು? ಅದೂ ಇಲ್ಲ. ಇರುವುದು ಮೂರು ಮುಖ, ಒಂದು ಅಪ್ಪುಗೆ, ದಪ್ಪ ಅಕ್ಷರ, ಬಣ್ಣ. ಜೊತೆಗೆ ಒಂದು ಸಾಲು: ಅವರಿಬ್ಬರು ಭೇಟಿಯಾದ ಗಳಿಗೆಯಿಂದಲೇ ಅದು ಕೊಲೆ! ಕೊನೆಗೆ ಆಶ್ಚರ್ಯಸೂಚಕ ಬೇರೆ.

ಇವತ್ತು ನಾನು ಹೇಳಬೇಕೆಂದಿರುವುದು ಈ ಎರಡರ ನಡುವಿನ ದೂರದ ಬಗ್ಗೆ. ನಾವು ನ್ವಾರ್ ಪೋಸ್ಟರ್ ಅಂತ ಅಂದುಕೊಂಡಿರುವುದು ಆ ಕಾಲದ ಪೋಸ್ಟರುಗಳಲ್ಲಿ ಹುಡುಕಿದರೂ ಸಿಗುವುದು ಕಡಿಮೆ. ಅದು ಆಮೇಲೆ ಹುಟ್ಟಿದ್ದು. ಆಗಿನ ಪೋಸ್ಟರುಗಳಿಗೆ ಬೇರೆಯೇ ಕಟ್ಟುಪಾಡು ಇದ್ದವು. ಆ ಕಟ್ಟುಪಾಡುಗಳಿಗೆ ಕಾರಣ ಕಲೆಗಿಂತ ಜಾಸ್ತಿ ವ್ಯಾಪಾರ.

ಮೊದಲ ಕಾರಣ ತೀರಾ ಸರಳ. ಆ ಚಿತ್ರ ಮಾಡಿದವರಿಗೆ ತಾವು ನ್ವಾರ್ ಮಾಡುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. 1946ರಲ್ಲಿ ಪ್ಯಾರಿಸ್ಸಿನ ವಿಮರ್ಶಕ ನಿನೋ ಫ್ರಾಂಕ್ ಈ ಹೆಸರನ್ನು ಈ ಚಿತ್ರಗಳಿಗೆ ಅಂಟಿಸಿದರು. ಯುದ್ಧಕಾಲದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಅಮೆರಿಕದ ಚಿತ್ರ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ 'ದ ಮಾಲ್ಟೀಸ್ ಫಾಲ್ಕನ್', 'ಲಾರಾ', 'ಡಬಲ್ ಇಂಡೆಮ್ನಿಟಿ' ಎಲ್ಲ ಒಟ್ಟಿಗೆ ಬಂದಿಳಿದವು. ಒಟ್ಟಿಗೆ ನೋಡಿದವರಿಗೆ ಇವುಗಳಲ್ಲಿ ಒಂದು ಸಾಮಾನ್ಯ ಕತ್ತಲೆ ಕಾಣಿಸಿತು. ಹಾಲಿವುಡ್ಡಿನವರು ಅವನ್ನು ಮೆಲೊಡ್ರಾಮಾ, ಕ್ರೈಮ್ ಕಥೆ, ಥ್ರಿಲ್ಲರ್ ಅಂತ ಕರೆಯುತ್ತಿದ್ದರು. ಸ್ಟುಡಿಯೋದ ಜಾಹೀರಾತು ವಿಭಾಗದಲ್ಲಿ ಕುಂಚ ಹಿಡಿದು ಕೂತವನಿಗೆ 'ಲಾರಾ' ಒಂದು ಪ್ರೇಮಕಥೆ, ಜೊತೆಗೊಂದು ಕೊಲೆ. ಅಷ್ಟೇ.

'ಲಾರಾ' ಅಂದಾಗ ಒಂದು ಮಾತು ನೆನಪಾಯಿತು, ಹೇಳಿಬಿಡುತ್ತೇನೆ. ಆ ಚಿತ್ರದ ಕಥೆ ನಿಂತಿರುವುದೇ ಗೋಡೆಗೆ ನೇತುಹಾಕಿದ ಒಂದು ಪೇಂಟಿಂಗ್ ಮೇಲೆ. ಪತ್ತೇದಾರ ಆ ಚಿತ್ರವನ್ನು ನೋಡುತ್ತಾ ನೋಡುತ್ತಾ ಸತ್ತವಳನ್ನೇ ಪ್ರೀತಿಸತೊಡಗುತ್ತಾನೆ. ಅಸಲಿಗೆ ಅದು ಪೇಂಟಿಂಗೇ ಅಲ್ಲ. ಲಾರಾ ಪಾತ್ರ ಮಾಡಿದ ನಟಿ ಜೀನ್ ಟಿಯರ್ನಿಯ ಫೋಟೋವನ್ನು ದೊಡ್ಡದು ಮಾಡಿಸಿ, ಮೇಲೆ ತೆಳುವಾಗಿ ಎಣ್ಣೆ ಬಣ್ಣ ಸವರಿದ್ದು. ಆಗಿನ ಪೋಸ್ಟರುಗಳೂ ಎಷ್ಟೋ ಸಲ ಹೀಗೆಯೇ ತಯಾರಾಗುತ್ತಿದ್ದವು. ಕೆಳಗೆ ಫೋಟೋ, ಮೇಲೆ ಬಣ್ಣ.

ಈಗ ಅಳತೆಗೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ಅಳತೆ ಗೊತ್ತಿಲ್ಲದಿದ್ದರೆ ವಿನ್ಯಾಸ ಅರ್ಥವಾಗುವುದಿಲ್ಲ. ಮುಖ್ಯವಾದದ್ದು ಒನ್ ಶೀಟ್, 27 ಇಂಚು ಅಗಲ, 41 ಇಂಚು ಉದ್ದ. ಇನ್ಸರ್ಟ್ ಅಂತ ಒಂದಿತ್ತು, 14 ಅಗಲ, 36 ಉದ್ದ. ಬಾಗಿಲ ಪಕ್ಕದ ಕಿರಿದಾದ ಜಾಗಕ್ಕೆ ಹೇಳಿ ಮಾಡಿಸಿದ ಹಾಗೆ. ಹಾಫ್ ಶೀಟ್ ಅಡ್ಡಕ್ಕೆ, 28 ಅಗಲ, 22 ಎತ್ತರ. ಲಾಬಿ ಕಾರ್ಡ್ 11 ಮತ್ತು 14 ಇಂಚಿನದು, ಸಾಮಾನ್ಯವಾಗಿ ಎಂಟರ ಸೆಟ್. ಅಂಗಡಿ ಕಿಟಕಿಗೆ ಇಡುವ ವಿಂಡೋ ಕಾರ್ಡ್ ಇನ್ನೂ ಮಜವಾಗಿದೆ. ಅದರ ಮೇಲ್ಭಾಗ ಖಾಲಿ. ಊರಿನ ಥಿಯೇಟರಿನವರು ಅಲ್ಲಿ ತಮ್ಮ ಹೆಸರು, ದಿನಾಂಕ ಅಚ್ಚು ಹಾಕಿಸಿಕೊಳ್ಳಬೇಕು. ರಸ್ತೆ ಬದಿಯ ದೊಡ್ಡ ಫಲಕಕ್ಕೆ 24 ಶೀಟ್.

ಹಾಗಾಗಿ ಒಂದು ಚಿತ್ರಕ್ಕೆ ಒಂದು ಪೋಸ್ಟರ್ ಅಂತ ಇರಲಿಲ್ಲ. ಅದೇ ಮುಖ, ಅದೇ ಅಪ್ಪುಗೆ ಉದ್ದಕ್ಕೂ ಕೂರಬೇಕು, ಅಡ್ಡಕ್ಕೂ ಕೂರಬೇಕು, ಅಂಗೈಯಗಲದ ಪತ್ರಿಕಾ ಜಾಹೀರಾತಿನಲ್ಲೂ ಕೂರಬೇಕು. ತುಂಡು ತುಂಡಾಗಿ ಬಿಡಿಸಿಟ್ಟು ಬೇಕಾದ ಹಾಗೆ ಜೋಡಿಸಬಹುದಾದ ವಿನ್ಯಾಸವೇ ಇಲ್ಲಿ ನಡೆಯುವುದು. ಆ ಪೋಸ್ಟರುಗಳಲ್ಲಿ ತಲೆಗಳು ಗಾಳಿಯಲ್ಲಿ ತೇಲುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಕತ್ತಿನ ಕೆಳಗೆ ದೇಹವಿದ್ದರೆ ಜರುಗಿಸುವುದು ಕಷ್ಟ.

ಈ ಫೋಟೋವನ್ನು ಹತ್ತಿರದಿಂದ ನೋಡಿ. ಒನ್ ಶೀಟಿನ ಕೆಳಗಿನ ಬಲ ಮೂಲೆ ಇದು. 46 ಅಂತ ಇದೆ, ಒಂದು ಓರೆ ಗೆರೆ, ಆಮೇಲೆ ಇನ್ನೊಂದು ಸಂಖ್ಯೆ. 1940ರಿಂದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಅನ್ನುವ ಸಂಸ್ಥೆ ದೊಡ್ಡ ಸ್ಟುಡಿಯೋಗಳ ಪೋಸ್ಟರ್ ಹಂಚಿಕೆಯನ್ನು ಕೈಗೆತ್ತಿಕೊಂಡಿತು. 46 ಅಂದರೆ 1946. ಮುಂದಿನದು ಆ ವರ್ಷದ ಸರಣಿ ಸಂಖ್ಯೆ. ಮೊದಲಿಗೆ 'ಆರ್' ಅಕ್ಷರ ಇದ್ದರೆ ಅದು ಮರುಬಿಡುಗಡೆಯದು. ಇನ್ನು ಈ ಮಡಿಕೆ ಗೆರೆ ನೋಡಿ: ಅಡ್ಡಕ್ಕೆ ಮೂರು, ಉದ್ದಕ್ಕೆ ಒಂದು. ಮುದ್ರಣವಾದ ಕೂಡಲೇ ಯಂತ್ರದಲ್ಲಿ ಎಂಟು ಭಾಗವಾಗಿ ಮಡಚಿ ಊರೂರಿಗೆ ಕಳಿಸುತ್ತಿದ್ದರು. ಇವತ್ತು ಗಾಜಿನ ಹಿಂದೆ ತೂಗುಹಾಕುವ ಈ ಕಾಗದವನ್ನು ಆಗ ಯಾರೂ ಅಷ್ಟು ಜೋಪಾನ ಮಾಡುತ್ತಿರಲಿಲ್ಲ. ಬಡಾವಣೆಯ ಥಿಯೇಟರುಗಳಲ್ಲಿ ವಾರಕ್ಕೆ ಎರಡು ಮೂರು ಸಲ ಚಿತ್ರ ಬದಲಾಗುತ್ತಿತ್ತು. ಪೋಸ್ಟರಿಗೆ ಸಿಕ್ಕುವುದು ಎರಡೋ ಮೂರೋ ದಿನ. ಅಷ್ಟರೊಳಗೆ ದಾರಿಹೋಕನನ್ನು ನಿಲ್ಲಿಸಬೇಕು.

ನಿಲ್ಲಿಸುವುದು ಯಾರು? ತಾರೆ. ಹಾಗಾಗಿ ಮೊದಲ ಕಟ್ಟುಪಾಡು ಹೆಸರಿನದು. ಯಾರ ಹೆಸರು ಶೀರ್ಷಿಕೆಯ ಮೇಲೆ, ಯಾರದು ಕೆಳಗೆ, ಯಾರದು ಎಷ್ಟು ದಪ್ಪ ಅನ್ನುವುದೆಲ್ಲ ಕರಾರಿನಲ್ಲೇ ಬರೆದಿರುತ್ತಿತ್ತು. ಶೀರ್ಷಿಕೆಯ ಅಕ್ಷರ ಇಷ್ಟಿದ್ದರೆ ಇವರ ಹೆಸರು ಅದರ ಶೇಕಡಾ ಇಷ್ಟು ಅಂತ. ನಮ್ಮ ಲಗ್ನಪತ್ರಿಕೆಯಲ್ಲಿ ಯಾವ ಮಾವನ ಹೆಸರು ಯಾವ ಸಾಲಿಗೆ ಅಂತ ಮನೆಯಲ್ಲಿ ನಡೆಯುವ ಪಂಚಾಯ್ತಿ ನಿಮಗೆಲ್ಲ ಗೊತ್ತಲ್ಲ, ಅದೇ ಕಥೆ, ಇಲ್ಲಿ ವಕೀಲರೂ ಇರುತ್ತಾರೆ. 'ಡಬಲ್ ಇಂಡೆಮ್ನಿಟಿ'ಯನ್ನೇ ನೋಡಿ. ಎಡ್ವರ್ಡ್ ಜಿ. ರಾಬಿನ್ಸನ್ 30ರ ದಶಕದ ದೊಡ್ಡ ತಾರೆ. ಇಲ್ಲಿ ಮೂರನೆಯ ಹೆಸರಿಗೆ ಒಪ್ಪಿಕೊಳ್ಳಲು ಅವರು ಹಿಂದೆಮುಂದೆ ನೋಡಿದ್ದರು. ಪೋಸ್ಟರಿನಲ್ಲಿ ಫ್ರೆಡ್ ಮ್ಯಾಕ್‌ಮರ್ರೇ ಮತ್ತು ಬಾರ್ಬರಾ ಸ್ಟ್ಯಾನ್‌ವಿಕ್ ಕೆನ್ನೆಗೆ ಕೆನ್ನೆ ತಾಗಿಸಿ ಇದ್ದಾರೆ, ರಾಬಿನ್ಸನ್ ಮುಖ ಬೇರೆ ಇದೆ. ಕಥೆಯಲ್ಲೂ ಅವರು ಆ ಇಬ್ಬರ ಹೊರಗೆ ನಿಂತು ಅನುಮಾನಿಸುವವರು. ಕರಾರು ಮತ್ತು ಕಥೆ ಎರಡೂ ಒಂದೇ ಕಡೆ ಬಂದು ಕೂತ ಅಪರೂಪದ ಉದಾಹರಣೆ ಇದು.

ಅಪ್ಪುಗೆ ಎರಡನೆಯ ಕಟ್ಟುಪಾಡು. ಕೊಲೆ, ಮೋಸ, ಬ್ಲ್ಯಾಕ್‌ಮೇಲ್ ಏನೇ ಇರಲಿ, ಪೋಸ್ಟರಿನಲ್ಲಿ ಗಂಡು ಹೆಣ್ಣು ಅಪ್ಪಿಕೊಂಡಿರಬೇಕು. 'ದ ಬಿಗ್ ಸ್ಲೀಪ್' ವಿಷಯ ಕೇಳಿ. 1945ರ ಹೊತ್ತಿಗೇ ಚಿತ್ರ ತಯಾರಾಗಿತ್ತು. ಆದರೆ ಹಂಫ್ರಿ ಬೋಗಾರ್ಟ್, ಲಾರೆನ್ ಬಕಾಲ್ ಜೋಡಿಯನ್ನು ನೋಡಲು ಜನ ಬರುತ್ತಾರೆ ಅಂತ ವಾರ್ನರ್ ಕಂಪನಿಗೆ ಗೊತ್ತಿತ್ತು. ಅವರಿಬ್ಬರ ಸರಸದ ಮಾತಿನ ದೃಶ್ಯಗಳನ್ನು ಹೊಸದಾಗಿ ಚಿತ್ರೀಕರಿಸಿ, ಹಳೆಯ ಕೆಲವು ದೃಶ್ಯ ತೆಗೆದು 1946ರಲ್ಲಿ ಬಿಡುಗಡೆ ಮಾಡಿದರು. ಕಥೆಯ ಎಳೆ ಇನ್ನಷ್ಟು ಗೋಜಲಾಯಿತು, ಪರವಾಗಿಲ್ಲ ಅಂದರು! ಅಂದರೆ ಪೋಸ್ಟರಿನಲ್ಲಿ ಮಾರಬೇಕಾದದ್ದನ್ನು ಚಿತ್ರದೊಳಗೂ ಸೇರಿಸಿದರು. ಸಾಮಾನ್ಯವಾಗಿ ಚಿತ್ರ ಮೊದಲು, ಪೋಸ್ಟರ್ ಆಮೇಲೆ ಅಂದುಕೊಳ್ಳುತ್ತೇವೆ. ಯಾವಾಗಲೂ ಹಾಗಲ್ಲ.

ಇನ್ನು ಬಣ್ಣ. ಈ ಚಿತ್ರಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು ಬಿಳುಪು. ಥಿಯೇಟರಿನ ಹೊರಗಿರುವ ಕಾಗದ ಮಾತ್ರ ಹಳದಿ, ಕೆಂಪು, ಕಿತ್ತಳೆ, ನೀಲಿ. ಲಾಬಿ ಕಾರ್ಡುಗಳಲ್ಲಿ ಇದು ಇನ್ನೂ ತಮಾಷೆಯಾಗಿ ಕಾಣುತ್ತದೆ. ಸೆಟ್ಟಿನಲ್ಲಿ ತೆಗೆದ ಕಪ್ಪು ಬಿಳುಪು ಫೋಟೋಗೆ ಬಣ್ಣ ಕೊಡುತ್ತಿದ್ದರು. ಕೆನ್ನೆಗೆ ಗುಲಾಬಿ, ಕೋಟಿಗೆ ಕಂದು, ಗೋಡೆಗೆ ಯಾವುದೋ ಹಸಿರು. ಛಾಯಾಗ್ರಾಹಕ ಜಾನ್ ಸೈಟ್ಸ್ 'ಡಬಲ್ ಇಂಡೆಮ್ನಿಟಿ'ಯಲ್ಲಿ ಬಿಸಿಲಿನ ಪಟ್ಟೆಯಲ್ಲಿ ದೂಳು ಕಾಣಲಿ ಅಂತ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ತೂರಿಸಿದ್ದರು. ಅಷ್ಟು ಕಷ್ಟಪಟ್ಟು ಹಿಡಿದ ಬೆಳಕನ್ನು ಜಾಹೀರಾತು ವಿಭಾಗ ಕಣ್ಣೆತ್ತಿಯೂ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ ಬಿಡಿ. ರಸ್ತೆಯ ಆ ಕಡೆಯಿಂದ ಕಾಣುವುದು ನೆರಳಿನ ನಾಜೂಕಲ್ಲ, ಹಳದಿ ಮೇಲಿನ ಕೆಂಪು.

ಎಲ್ಲ ಸ್ಟುಡಿಯೋಗಳೂ ಒಂದೇ ಥರ ಇರಲಿಲ್ಲ. ವಾರ್ನರ್‌ನವರ 40ರ ದಶಕದ ಪೋಸ್ಟರುಗಳಲ್ಲಿ ಫೋಟೋ ತಲೆಗಳು, ಒಂದೆರಡು ಬಣ್ಣ, ಅಷ್ಟರಲ್ಲೇ ಮುಗಿಸುವ ಅಭ್ಯಾಸ ಕಾಣುತ್ತದೆ. ಆರ್‌ಕೆಓ ಕಂಪನಿಯಲ್ಲಿ ಕುಂಚದ ಕೆಲಸ ಜಾಸ್ತಿ. 1947ರ 'ಔಟ್ ಆಫ್ ದ ಪಾಸ್ಟ್' ಪೋಸ್ಟರಿನ ರಾಬರ್ಟ್ ಮಿಚಮ್ ನೋಡಿ. ಮಳೆಕೋಟು, ತುಟಿಯಲ್ಲಿ ಸಿಗರೇಟು. ನನ್ನ ಕೇಳಿದರೆ ಆ ಕಾಲದ ಅಮೆರಿಕನ್ ಪೋಸ್ಟರುಗಳಲ್ಲಿ ಚಿತ್ರದ ಒಳಗಿನ ಗಾಳಿ ಹೊರಗೂ ಬೀಸುವ ಕೆಲವೇ ಕೆಲವುಗಳಲ್ಲಿ ಅದೊಂದು.

ಅಕ್ಷರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಶೀರ್ಷಿಕೆ ಬಹುಮಟ್ಟಿಗೆ ಕೈಬರಹ. ದಪ್ಪ ಕುಂಚದಲ್ಲಿ ಎಳೆದ ಹಾಗೆ, ಓರೆಯಾಗಿ, ಹಿಂದೊಂದು ನೆರಳು. ಜೊತೆಗೆ ಅಡಿಬರಹ, ಅದರಲ್ಲಿ ಆಶ್ಚರ್ಯಸೂಚಕಕ್ಕೆ ಬರವಿಲ್ಲ. 1946ರ 'ದ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್' ಪೋಸ್ಟರಿನ ಸಾಲಿನ ಅರ್ಥ ಹೀಗೆ: ಅವರ ಪ್ರೀತಿ ಸುಟ್ಟು ಬೂದಿ ಮಾಡಿದ ಜ್ವಾಲೆ! 1955ರ 'ಕಿಸ್ ಮಿ ಡೆಡ್ಲಿ' ಇನ್ನೂ ಮುಂದೆ ಹೋಗಿ ರಕ್ತಗೆಂಪು ಮುತ್ತು, ಹೈಡ್ರೋಜನ್ ಬಾಂಬು ಎಲ್ಲ ತಂದು ಸುರಿಯಿತು. ಶೀರ್ಷಿಕೆಯನ್ನೇ ಬದಲಿಸಿದ್ದೂ ಉಂಟು. 1950ರಲ್ಲಿ 'ಡೆಡ್ಲಿ ಈಸ್ ದ ಫೀಮೇಲ್' ಅಂತ ಬಂದ ಚಿತ್ರ ಓಡಲಿಲ್ಲ. ಅದೇ ವರ್ಷ ಅದೇ ಚಿತ್ರ 'ಗನ್ ಕ್ರೇಜಿ' ಅಂತ ಹೊಸ ಹೆಸರು, ಹೊಸ ಪೋಸ್ಟರ್ ಹೊತ್ತು ಮತ್ತೆ ಬಂತು. ಈಗ ಎಲ್ಲರಿಗೂ ಗೊತ್ತಿರುವುದು ಎರಡನೆಯ ಹೆಸರೇ.

ಇಷ್ಟೆಲ್ಲ ಕೂಗಾಡುವ ಪೋಸ್ಟರುಗಳ ಮೇಲೆ ಒಂದು ಕಣ್ಣೂ ಇತ್ತು. ಚಿತ್ರಗಳಿಗೆ ನೀತಿಸಂಹಿತೆ ಇದ್ದ ಹಾಗೆ 1930ರಿಂದ ಜಾಹೀರಾತುಗಳಿಗೂ ಒಂದು ಸಂಹಿತೆ ಇತ್ತು. ಫೋಟೋ, ಪೋಸ್ಟರ್, ಅಡಿಬರಹ ಎಲ್ಲಕ್ಕೂ ಒಪ್ಪಿಗೆ ಬೇಕು. ಇದನ್ನು ಅಣಕಿಸಲು ವೈಟಿ ಶೇಫರ್ ಅನ್ನುವ ಸ್ಟುಡಿಯೋ ಛಾಯಾಗ್ರಾಹಕ 1940ರ ಸುಮಾರಿಗೆ ಒಂದು ಫೋಟೋ ತೆಗೆದರು. ಈಗ ತೆರೆಯ ಮೇಲೆ ಇದೆ, ನಿಧಾನವಾಗಿ ನೋಡಿ. ನೆಲದ ಮೇಲೆ ಸತ್ತ ಪೊಲೀಸ್. ಪಕ್ಕದಲ್ಲಿ ಒಳಉಡುಪಿನ ಹೆಣ್ಣು, ಅವಳ ಕೈಯಲ್ಲಿ ಗುರಿಯಿಟ್ಟ ಪಿಸ್ತೂಲು. ಮೆಷಿನ್ ಗನ್, ಜೂಜಿನ ಎಲೆ, ಮದ್ಯದ ಬಾಟಲಿ, ಮಾದಕ ವಸ್ತು. ಬದಿಯಲ್ಲಿ ಒಂದು ಫಲಕ, ಅದರ ಮೇಲೆ ಮಾಡಬಾರದ ಹತ್ತು ಸಂಗತಿಗಳ ಪಟ್ಟಿ: ಕಾನೂನಿನ ಸೋಲು, ತೊಡೆಯ ಒಳಬದಿ, ಲೇಸಿನ ಒಳಉಡುಪು, ಶವ, ಹೀಗೆ. ಹತ್ತನ್ನೂ ಒಂದೇ ಫೋಟೋದಲ್ಲಿ ಮುರಿದಿದ್ದಾರೆ!

ತಮಾಷೆ ಏನೆಂದರೆ ಈ ಫೋಟೋವನ್ನು ಇವತ್ತು ಯಾರಿಗಾದರೂ ತೋರಿಸಿ, ಒಳ್ಳೆ ನ್ವಾರ್ ಪೋಸ್ಟರ್ ಅನ್ನುತ್ತಾರೆ. ನಿಯಮ ಇದ್ದಷ್ಟು ಬಿಗಿಯಾಗಿ ಪಾಲನೆ ಇರಲಿಲ್ಲ ಅನ್ನುವುದೂ ನಿಜ. ಗುರಿಯಿಟ್ಟ ಪಿಸ್ತೂಲು ಆಗಿನ ಪೋಸ್ಟರುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಮೈ ವಿಷಯದಲ್ಲಿ ಬಿಗಿ ಇತ್ತು. ನಿರ್ಮಾಪಕ ಹೊವರ್ಡ್ ಹ್ಯೂಸ್ 'ದಿ ಔಟ್‌ಲಾ' ಅನ್ನುವ ಕೌಬಾಯ್ ಚಿತ್ರಕ್ಕೆ ಮಾಡಿಸಿದ ಜಾಹೀರಾತುಗಳ ಜಗಳ ಎಲ್ಲಿಗೆ ಹೋಯಿತೆಂದರೆ, 1946ರಲ್ಲಿ ಚಿತ್ರಕ್ಕೆ ಕೊಟ್ಟಿದ್ದ ಒಪ್ಪಿಗೆಯ ಮುದ್ರೆಯನ್ನೇ ವಾಪಸ್ ತೆಗೆದುಕೊಂಡರು. ಹ್ಯೂಸ್ ಕೋರ್ಟಿಗೆ ಹೋದರು, ಸೋತರು. ಹೇಳಲಾಗದ್ದನ್ನು ಸೂಚಿಸಬೇಕು. ಸೂಚಿಸಲು ಕೈಗೆ ಸಿಕ್ಕಿದ್ದು ಸಿಗರೇಟು ಮತ್ತು ಹೊಗೆ.

ಅದಕ್ಕೇ 1946ರ 'ಗಿಲ್ಡಾ'. ಕೊಲಂಬಿಯಾ ಕಂಪನಿಯದು. ರೀಟಾ ಹೇವರ್ತ್ ತಲೆಯಿಂದ ಕಾಲಿನವರೆಗೆ ಪೂರ್ತಿ ನಿಂತಿರುವ ಈ ಪೋಸ್ಟರನ್ನೇ ನೋಡಿ. ತೇಲುವ ತಲೆಗಳಿಲ್ಲ. ಅಪ್ಪುಗೆ ಇಲ್ಲ. ಪಿಸ್ತೂಲಿಲ್ಲ. ಕಥೆ ಹೇಳುವವನು ನಾಯಕ ಗ್ಲೆನ್ ಫೋರ್ಡ್, ಚಿತ್ರ ನಡೆಯುವುದೇ ಅವನ ದನಿಯಲ್ಲಿ. ಇಲ್ಲಿ ಅವನು ಬರೀ ಹೆಸರಾಗಿ ಉಳಿದಿದ್ದಾನೆ. ಭುಜ ತೆರೆದ ಉದ್ದನೆ ಗೌನು, ಕೈಯಲ್ಲಿ ಸಿಗರೇಟು, ಮೇಲೇರುವ ಹೊಗೆ. ಗಿಲ್ಡಾಳಂಥ ಹೆಣ್ಣು ಹಿಂದೆಂದೂ ಇರಲಿಲ್ಲ ಅನ್ನುವ ಒಂದು ಸಾಲು. ಅವಳು ಒಳ್ಳೆಯವಳೋ ಕೆಟ್ಟವಳೋ ಪೋಸ್ಟರ್ ಹೇಳುವುದಿಲ್ಲ. ಚಿತ್ರ ಪೂರ್ತಿ ನಡೆಯುವುದು ಆ ಪ್ರಶ್ನೆಯ ಮೇಲೆಯೇ. ಸುಮ್ನೆ ನಿಲ್ಲಿಸಿ ಬಿಟ್ಟಿದ್ದರಿಂದಲೇ ಇದು ಗೆದ್ದಿತು ಅಂತ ನನ್ನ ಲೆಕ್ಕ.

ಇದೇ ರೀಟಾ ಹೇವರ್ತ್‌ಳ ಇನ್ನೊಂದು ಪೋಸ್ಟರನ್ನು ನಿಮ್ಮಲ್ಲಿ ಹಲವರು ಬೇರೆ ಕಡೆ ನೋಡಿದ್ದೀರಿ, ಗಮನಿಸಿರಲಿಕ್ಕಿಲ್ಲ. 1948ರ ಇಟಲಿಯ 'ಬೈಸಿಕಲ್ ಥೀವ್ಸ್'. ಫಿಲ್ಮ್ ಸೊಸೈಟಿಯವರು ಕೈ ಎತ್ತುತ್ತಿದ್ದೀರಿ, ಸರಿ. ಅದರ ನಾಯಕನ ಕೆಲಸ ರೋಮ್ ನಗರದ ಗೋಡೆಗಳಿಗೆ ಪೋಸ್ಟರ್ ಅಂಟಿಸುವುದು. ಮೊದಲ ದಿನ ಏಣಿ ಹತ್ತಿ ಅವನು ಅಂಟಿಸುತ್ತಿರುವುದು ರೀಟಾ ಹೇವರ್ತ್‌ಳ ಪೋಸ್ಟರ್. ಬ್ರಷ್ಷಿನಲ್ಲಿ ಅಂಟು ಸವರಿ, ಸುಕ್ಕು ಬಿಡಿಸುತ್ತಾ ಇರುವಾಗಲೇ ಕೆಳಗೆ ಸೈಕಲ್ ಕಳುವಾಗುತ್ತದೆ. ಪೋಸ್ಟರ್ ಅಂದರೆ ಕಾಗದ, ಅಂಟು, ಬಕೆಟ್ಟು, ಕೂಲಿ. ಇದನ್ನು ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ಇನ್ನೊಂದು ನನಗೆ ಗೊತ್ತಿಲ್ಲ.

ಇಟಲಿಯ ಕಥೆಯೇ ಬೇರೆ. ಅಲ್ಲಿ ಅಮೆರಿಕದ ಪೋಸ್ಟರನ್ನು ಹಾಗೇ ಹಾಕುತ್ತಿರಲಿಲ್ಲ. ಅಲ್ಲಿನ ಚಿತ್ರಕಾರರೇ ಹೊಸದಾಗಿ ಬರೆಯುತ್ತಿದ್ದರು, ಸಹಿಯನ್ನೂ ಹಾಕುತ್ತಿದ್ದರು. ಅನ್ಸೆಲ್ಮೋ ಬಲ್ಲೆಸ್ತರ್, ಲುಯಿಜಿ ಮಾರ್ತಿನಾತಿ, ಅಲ್ಫ್ರೆದೋ ಕಪಿತಾನಿ ಈ ಸಾಲಿನ ದೊಡ್ಡ ಹೆಸರುಗಳು. ಬಲ್ಲೆಸ್ತರ್ ಕೊಲಂಬಿಯಾ ಚಿತ್ರಗಳಿಗೆ ಬಹಳ ಬರೆದವರು. ಅಲ್ಲಿನ ದೊಡ್ಡ ಅಳತೆ 140 ಸೆಂಟಿಮೀಟರ್ ಅಗಲ, 200 ಉದ್ದ, ಅಂದರೆ ಆಳೆತ್ತರಕ್ಕಿಂತ ಜಾಸ್ತಿ. ಅಷ್ಟು ಜಾಗ ಸಿಕ್ಕಿದ ಚಿತ್ರಕಾರ ಮುಖದ ಅರ್ಧಕ್ಕೆ ಬೆಳಕು, ಅರ್ಧಕ್ಕೆ ಹಸಿರು ನೆರಳು ಹಾಕಬಲ್ಲ. ಚಿತ್ರದೊಳಗಿನ ಕತ್ತಲೆ ಹೊರಗಿನ ಗೋಡೆಗೆ ಮೊದಲು ಬಂದದ್ದು ಯುರೋಪಿನಲ್ಲಿ ಅಂತ ಹೇಳಬೇಕು.

ಹಾಗಾದರೆ ನಮ್ಮ ಎಡಗಡೆಯ ಪೋಸ್ಟರ್ ಎಲ್ಲಿಂದ ಬಂತು? ಎರಡು ದಾರಿಯಿಂದ. ಒಂದು, 50ರ ದಶಕದಲ್ಲಿ ಪೋಸ್ಟರಿನ ಯೋಚನೆಯೇ ಬದಲಾಯಿತು. 1950ರ 'ಸನ್‌ಸೆಟ್ ಬುಲ್ವಾರ್ಡ್' ಪೋಸ್ಟರಿನಲ್ಲಿ ತಲೆಗಳು ಇನ್ನೂ ಇವೆ, ಆದರೆ ಅಡ್ಡಲಾಗಿ ಒಂದು ಸಿನಿಮಾ ರೀಲು, ನಡುವೆ ಗಂಟು. ಇದು ಯಾವುದೋ ದೃಶ್ಯದ ಫೋಟೋ ಅಲ್ಲ, ಒಂದು ಉಪಾಯ. ಆಮೇಲೆ ವಿನ್ಯಾಸಕಾರ ಸಾಲ್ ಬಾಸ್ ಬಂದರು. 1955ರ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್'ಗೆ ಕಾಗದದಲ್ಲಿ ಕತ್ತರಿಸಿದಂಥ ಒಂದು ಸೊಟ್ಟ ಕೈ. 1959ರ 'ಅನಾಟಮಿ ಆಫ್ ಎ ಮರ್ಡರ್'ಗೆ ತುಂಡು ತುಂಡಾದ ಒಂದು ದೇಹದ ಆಕಾರ. ತಾರೆಯ ಮುಖ ಬಿಟ್ಟು ಒಂದೇ ಆಕಾರದಲ್ಲಿ ಚಿತ್ರವನ್ನು ಮಾರಬಹುದು ಅಂತ ಗೊತ್ತಾಯಿತು.

ಎರಡನೆಯ ದಾರಿ ನೆನಪಿನದು. 70ರ ದಶಕದಲ್ಲಿ ಹೊಸ ನಿರ್ದೇಶಕರು ನ್ವಾರ್ ಅನ್ನುವ ಹೆಸರು ಗೊತ್ತಿದ್ದೇ ಚಿತ್ರ ಮಾಡತೊಡಗಿದರು. 1974ರ 'ಚೈನಾಟೌನ್'. ಪೋಸ್ಟರ್ ಜಿಮ್ ಪಿಯರ್ಸಾಲ್ ಅವರದು. ಹ್ಯಾಟು ಹಾಕಿದ ಪತ್ತೇದಾರ, ಅವನ ಸಿಗರೇಟಿನ ಹೊಗೆ ಸುರುಳಿ ಸುರುಳಿಯಾಗಿ ಮೇಲೇರಿ ಹೆಣ್ಣಿನ ಕೂದಲಾಗುತ್ತದೆ, ಅಲ್ಲಿ ಫೇ ಡನವೇ ಮುಖ. ಕೆಳಗೆ ಅಲೆಗಳು, ಯಾಕೆಂದರೆ ಕಥೆ ಲಾಸ್ ಏಂಜಲೀಸಿನ ನೀರಿನ ಹಗರಣದ್ದು. ಹ್ಯಾಟು, ಹೊಗೆ, ಹೆಣ್ಣು: 40ರ ದಶಕದಲ್ಲಿ ಚದುರಿಹೋಗಿದ್ದ ಸಾಮಾನುಗಳನ್ನು ಇಲ್ಲಿ ಬೇಕೆಂದೇ ಆರಿಸಿ ಒಟ್ಟು ಮಾಡಿದ್ದಾರೆ. ಕಿಟಕಿ ಪರದೆಯ ಗೆರೆ, ಮಂಜಿನಲ್ಲಿ ನಿಂತ ಕಪ್ಪು ಆಕೃತಿ ಮಾತ್ರ ಬಂದದ್ದು ಪೋಸ್ಟರುಗಳಿಂದಲ್ಲ, ಚಿತ್ರಗಳ ಒಳಗಿನಿಂದ. 1955ರ 'ದ ಬಿಗ್ ಕಾಂಬೋ' ಚಿತ್ರದ ಕೊನೆಯಲ್ಲಿ ಛಾಯಾಗ್ರಾಹಕ ಜಾನ್ ಆಲ್ಟನ್ ತೆಗೆದ ಮಂಜಿನ ದೃಶ್ಯವನ್ನು ನ್ವಾರ್ ಬಗೆಗಿನ ಎಷ್ಟೋ ಬರಹಗಳ ಜೊತೆ ಅಚ್ಚು ಹಾಕಿದ್ದಾರೆ. ನಾವು ಕಲಿತದ್ದು ಅಲ್ಲಿಂದ. ಎಡಗಡೆಯ ಪೋಸ್ಟರ್ ಸುಳ್ಳಲ್ಲ, ಆದರೆ ಅದರ ತಾಯಿಬೇರು ಛಾಯಾಗ್ರಾಹಕರಲ್ಲಿದೆ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಅಮೆರಿಕದ ಪೋಸ್ಟರುಗಳನ್ನು ಬರೆದವರ ಹೆಸರು ಯಾಕೆ ಹೇಳಲಿಲ್ಲ ಅಂತ. ನ್ಯಾಯವಾದ ಪ್ರಶ್ನೆ. ಅವರೆಲ್ಲ ಸಂಬಳದ ನೌಕರರು, ಸಹಿ ಹಾಕುವ ರೂಢಿ ಇರಲಿಲ್ಲ. ಒಬ್ಬರ ಕರಡು, ಇನ್ನೊಬ್ಬರ ಮುಖ, ಮತ್ತೊಬ್ಬರ ಅಕ್ಷರ. ಹೆಸರು ಉಳಿದವರಲ್ಲಿ ವಾರ್ನರ್ ಕಂಪನಿಯ ಬಿಲ್ ಗೋಲ್ಡ್ ಒಬ್ಬರು. 1942ರಲ್ಲಿ, ಇಪ್ಪತ್ತೊಂದರ ಹುಡುಗ, ಅವರ ಮೊದಲ ಕೆಲಸಗಳಲ್ಲೊಂದು 'ಕಾಸಾಬ್ಲಾಂಕಾ'. ಆ ಪೋಸ್ಟರಿನಲ್ಲಿ ತಾರೆಯರ ಮುಖಗಳೆಲ್ಲ ಚೆನ್ನಾಗಿ ಕೂತಿದ್ದವು. ಆದರೆ ಮೇಲಿನವರಿಗೆ ಸಾಕಾಗಲಿಲ್ಲ, ಇನ್ನೊಂದಿಷ್ಟು ರೋಮಾಂಚನ ಬೇಕು ಅಂದರು. ಗೋಲ್ಡ್ ಬೋಗಾರ್ಟ್ ಕೈಗೆ ಒಂದು ಪಿಸ್ತೂಲು ಕೊಟ್ಟರು. ಒಪ್ಪಿಗೆ ಸಿಕ್ಕಿತು. ನಿವೃತ್ತರಾದ ಮೇಲೂ 2011ರಲ್ಲಿ ಅವರು ಮತ್ತೊಂದು ಪೋಸ್ಟರ್ ಮಾಡಿದರು.